ಗುಟ್ಟು ಕೇಳುವ ಕಾರು, ಉತ್ತರಿಸುವ ಕೀಲಿಕೈ

ರಸ್ತೆ ಬದಿಯಲ್ಲಿ ಕೊಡೆಯ ನೆರಳಿನಲ್ಲಿ ಅರ ಹಿಡಿದು ಕೂತವನಿಗೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರಿನ ಕೀಲಿಕೈ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದರ ಜೋಡಿ ಸಿದ್ಧವಾಗುತ್ತಿತ್ತು. ಲೋಹದ ತುಂಡಿನ ಮೇಲೆ ಹಲ್ಲುಗಳು ಸರಿಯಾಗಿ ಮೂಡಿದರೆ ಸಾಕು, ಬಾಗಿಲೂ ತೆರೆಯುತ್ತಿತ್ತು, ಎಂಜಿನ್ನೂ ಚಾಲೂ ಆಗುತ್ತಿತ್ತು. ಇಂದಿನ ಕಾರಿನ ಕೀಲಿಕೈಯನ್ನು ಅದೇ ಕೈಚಳಕದಿಂದ ಕತ್ತರಿಸಿ ಕೊಟ್ಟರೆ ಬಾಗಿಲೇನೋ ತೆರೆದೀತು, ಎಂಜಿನ್ ಮಾತ್ರ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ ಅಥವಾ ಅಲುಗುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟದೊಂದು ದೀಪ ಮಿಣುಕುತ್ತಿರುತ್ತದೆ. ಹಲ್ಲಿಗೆ ಹಲ್ಲು ಹೊಂದಿದರೂ ಕಾರು ಒಪ್ಪದ ಈ ಹಠದ ಹಿಂದೆ ಕಳ್ಳರಿಗೂ ಎಂಜಿನಿಯರರಿಗೂ ನಡೆದ ದೀರ್ಘ ಪೈಪೋಟಿಯ ಕಥೆಯಿದೆ.

ಮೊದಮೊದಲ ಕಾರುಗಳನ್ನು ಚಾಲೂ ಮಾಡುವುದು ತೋಳ್ಬಲದ ಕೆಲಸವಾಗಿತ್ತು. ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಗಿರ್ರನೆ ತಿರುಗಿಸಬೇಕು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುವುದೂ ಇತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೂ ಬಹುಕಾಲ ಕೀಲಿಕೈಯ ಪಾಲಿಗಿದ್ದದ್ದು ವಿದ್ಯುತ್ ಹರಿವನ್ನು ತೆರೆದು ಮುಚ್ಚುವ ಕೆಲಸವೊಂದೇ. ಎಂಜಿನ್ ತಿರುಗಿಸಲು ಬೇರೆ ಗುಂಡಿ ಒತ್ತಬೇಕಿತ್ತು. ಎರಡನ್ನೂ ಒಂದೇ ತಿರುವಿನಲ್ಲಿ ಸೇರಿಸಿದ್ದು 1949ರಲ್ಲಿ ಕ್ರೈಸ್ಲರ್ ಕಂಪೆನಿ. ಚಾಲಕನಿಗೆ ಅನುಕೂಲವಾಯಿತು, ಕಳ್ಳನಿಗೇನೂ ತೊಂದರೆಯಾಗಲಿಲ್ಲ. ಸ್ವಿಚ್ಚಿನ ಹಿಂದಿನ ತಂತಿಗಳನ್ನು ಎಳೆದು ಒಂದಕ್ಕೊಂದು ತಾಗಿಸಿದರೆ ಅವನ ಕೆಲಸ ಮುಗಿಯುತ್ತಿತ್ತು. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲೇ ಸ್ಟೀರಿಂಗ್ ಬೀಗವನ್ನು ಕಡ್ಡಾಯ ಮಾಡಿತು. ಅಮೆರಿಕದ ಜನರಲ್ ಮೋಟಾರ್ಸ್ 1969ರ ಕಾರುಗಳಲ್ಲಿ ಅದನ್ನು ತಂದಿತು. ಕಳ್ಳರು ಸುತ್ತಿಗೆ, ಸ್ಕ್ರೂಡ್ರೈವರ್‌ಗಳೊಂದಿಗೆ ಅದಕ್ಕೂ ಪರಿಹಾರ ಹುಡುಕಿಕೊಂಡರು.

ಕೀಲಿಕೈಯೊಳಗೆ ವಿದ್ಯುನ್ಮಾನ ಹೊಕ್ಕದ್ದು ಶ್ರೀಮಂತರ ಕಾರೊಂದರ ಮೂಲಕ. ಜನರಲ್ ಮೋಟಾರ್ಸ್‌ನ ಕಾರ್ವೆಟ್ ಕಳ್ಳರಿಗೆ ಬಲು ಪ್ರಿಯವಾದ ಕಾರು. 1986ರ ಕಾರ್ವೆಟ್‌ನಲ್ಲಿ ಕಂಪೆನಿ ಕೀಲಿಕೈಯ ಅಲಗಿನೊಳಗೆ ಒಂದು ಪುಟ್ಟ ರೆಸಿಸ್ಟರ್ ಕೂರಿಸಿತು, ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಬಿದ್ದಿರುತ್ತದಲ್ಲ, ಅದೇ ಜಾತಿಯದು. ಅದರ ವಿದ್ಯುತ್ ರೋಧವನ್ನು ಕಾರು ಅಳೆಯುತ್ತದೆ; ತಾನು ಬಲ್ಲ ಅಳತೆಗೆ ಹೊಂದದಿದ್ದರೆ ಕೆಲವು ನಿಮಿಷ ಮುನಿಸಿಕೊಂಡು ಕೂರುತ್ತದೆ. ಉಪಾಯ ಫಲಿಸಿತು, ಕಾರ್ವೆಟ್ ಕಳವು ಇಳಿಯಿತು. ಆದರೆ ಈ ಅಳತೆಗಳು ಇದ್ದದ್ದು ಹದಿನೈದೇ. ತಾಳ್ಮೆಯುಳ್ಳ ಕಳ್ಳ ಹದಿನೈದನ್ನೂ ಜೇಬಿನಲ್ಲಿಟ್ಟುಕೊಂಡು ಬರಬಹುದಿತ್ತು. ಕೀಲಿಕೈ ಒಂದು ಕ್ಷಣ ಕೈಗೆ ಸಿಕ್ಕರೆ ಸಾಮಾನ್ಯ ಮೀಟರಿನಿಂದಲೇ ಅದರ ಅಳತೆ ತಿಳಿಯಬಹುದಿತ್ತು.

ಈ ಕಥೆಗೆ ದೊಡ್ಡ ತಿರುವು ಕೊಟ್ಟಿದ್ದು ರಾಜಕೀಯ. 1989ರಲ್ಲಿ ಬರ್ಲಿನ್ ಗೋಡೆ ಉರುಳಿ ಪೂರ್ವ ಯುರೋಪಿನ ಗಡಿಗಳು ತೆರೆದುಕೊಂಡ ಮೇಲೆ ಜರ್ಮನಿಯಲ್ಲಿ ಕಾರುಗಳ್ಳತನ ವಿಪರೀತ ಏರಿತು. ರಾತ್ರಿ ಮನೆಯ ಮುಂದೆ ನಿಂತ ಕಾರು ಬೆಳಗಾಗುವುದರೊಳಗೆ ಗಡಿ ದಾಟಿರುತ್ತಿತ್ತು. ಪರಿಹಾರ ಕೊಟ್ಟು ಸುಸ್ತಾದ ವಿಮಾ ಕಂಪೆನಿಗಳು ಕಾರು ತಯಾರಕರ ಬೆನ್ನು ಬಿದ್ದವು. ಗ್ರಾಹಕರ ದೂರುಗಳಿಗಿಂತ ವಿಮೆಯವರ ಲೆಕ್ಕದ ಪುಸ್ತಕ ಬೇಗ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದೂ ಒಂದು ನಿದರ್ಶನ. 1995ರಲ್ಲಿ ಯುರೋಪಿನ ಒಕ್ಕೂಟ ನಿರ್ದೇಶನ ಹೊರಡಿಸಿತು. 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ವಿದ್ಯುನ್ಮಾನ ಇಮೊಬಿಲೈಸರ್ ಕಡ್ಡಾಯವಾಯಿತು. ಆಸ್ಟ್ರೇಲಿಯ 2001ರಲ್ಲಿ, ಕೆನಡ 2007ರಲ್ಲಿ ಇದೇ ದಾರಿ ಹಿಡಿದವು. ಅಮೆರಿಕ ಮಾತ್ರ ಅದನ್ನು ಕಂಪೆನಿಗಳ ಇಚ್ಛೆಗೆ ಬಿಟ್ಟಿತು. ಆ ಉದಾರತೆಯ ಬೆಲೆ ಆಮೇಲೆ ತಿಳಿಯಿತು.

ಇಮೊಬಿಲೈಸರ್ ಎಂದರೆ ಎಂಜಿನ್ನಿಗೆ ಹಾಕಿದ ಕಾಣದ ಬೀಗ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀಲಿಕೈ ತೂರಿಸುವ ಕಿಂಡಿಯ ಸುತ್ತ ತಂತಿಯ ಸುರುಳಿಯೊಂದಿದ್ದು, ಅದರಿಂದ ಹೊಮ್ಮುವ ರೇಡಿಯೊ ಅಲೆಯೇ ಚಿಪ್ಪಿಗೆ ಜೀವ ಕೊಡುತ್ತದೆ. ದೂರದಿಂದ ಬಾಗಿಲು ತೆರೆಯುವ ಗುಂಡಿಗೆ ಬ್ಯಾಟರಿ ಬೇಕು, ಆದರೆ ಅದರ ವ್ಯವಹಾರವೇ ಬೇರೆ. ಹಲವರು ಎರಡನ್ನೂ ಒಂದೆಂದು ಭಾವಿಸುತ್ತಾರೆ. ಮೊದಲ ಚಿಪ್‌ಗಳು ಎಚ್ಚೆತ್ತೊಡನೆ ತಮ್ಮ ಸಂಖ್ಯೆಯನ್ನು ಒಪ್ಪಿಸುತ್ತಿದ್ದವು. ಅದನ್ನು ಕದ್ದು ಕೇಳಿದವನು ನಕಲು ಮಾಡಬಹುದಿತ್ತು. ಹೀಗಾಗಿ ಸವಾಲು-ಜವಾಬಿನ ಪದ್ಧತಿ ಬಂತು. ಕಾರು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಕೂಗುತ್ತದೆ. ಚಿಪ್ಪು ತನ್ನೊಳಗಿನ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಕಲಸಿ ಉತ್ತರ ಕಳಿಸುತ್ತದೆ. ಕಾರಿನ ಕಂಪ್ಯೂಟರೂ ಅದೇ ಲೆಕ್ಕ ಮಾಡಿರುತ್ತದೆ. ಎರಡೂ ಹೊಂದಿದರೆ ಮಾತ್ರ ಇಂಧನಕ್ಕೆ ಅಪ್ಪಣೆ. ಗುಟ್ಟು ಬಾಯಿಬಿಟ್ಟು ಹೊರಬರುವುದೇ ಇಲ್ಲ.

ಹೊಸ ಕೀಲಿಕೈಯನ್ನು 'ಪ್ರೋಗ್ರಾಮ್ ಮಾಡುವುದು' ಎಂದರೆ ಈ ಹೊಸಬನನ್ನು ಕಾರಿಗೆ ಪರಿಚಯ ಮಾಡಿಸುವುದು. ಹಲವು ಕಾರುಗಳಲ್ಲಿ ಚಿಪ್ಪಿಗಿಂತ ಹೆಚ್ಚಾಗಿ ಕಾರಿಗೇ ಪಾಠ ಹೇಳಬೇಕು. ಅದರ ನೆನಪಿನ ಪಟ್ಟಿಗೆ ಒಂದು ಹೆಸರು ಸೇರಬೇಕು. ಹಾಗಾದರೆ ಜಾಮೀನು ಯಾರದು? ಫೋರ್ಡ್ ಕಂಪೆನಿಯ ಹಲವು ಮಾದರಿಗಳಲ್ಲಿ ಆಗಲೇ ಪರಿಚಯವಿರುವ ಎರಡು ಕೀಲಿಕೈಗಳನ್ನು ಒಂದರ ಹಿಂದೊಂದು ತೂರಿಸಿ ತಿರುಗಿಸಿ, ಕೆಲವೇ ಸೆಕೆಂಡುಗಳೊಳಗೆ ಮೂರನೆಯದನ್ನು ತೂರಿಸಿದರೆ ಕಾರು ಅದನ್ನೂ ಮನೆಯವನೆಂದು ಒಪ್ಪುತ್ತದೆ. ಮದುವೆ ಮಾತುಕತೆಗೆ ಇಬ್ಬರು ಹಿರಿಯರು ಬಂದು ಕೂತಂತೆ. ಒಂದೇ ಉಳಿದಿದ್ದರೆ ಈ ಮಾರ್ಗವಿಲ್ಲ; ಕಂಪ್ಯೂಟರ್ ಉಪಕರಣ ಜೋಡಿಸಿ ಹತ್ತು ನಿಮಿಷ ಕಾಯಬೇಕು. ಈ ಕಾಯಿಸುವಿಕೆ ಬೇಕೆಂದೇ ಇಟ್ಟದ್ದು. ಅವಸರದ ಕಳ್ಳನಿಗೆ ಹತ್ತು ನಿಮಿಷ ಒಂದು ಯುಗ.

1990ರ ದಶಕದ ಫಿಯೆಟ್ ಕಾರುಗಳ ಜೊತೆ ಕೆಂಪು ತಲೆಯ ಒಂದು ಹಿರಿಯ ಕೀಲಿಕೈ ಬರುತ್ತಿತ್ತು. ಅದನ್ನು ದಿನಬಳಕೆಗೆ ತೆಗೆಯದೆ ಭದ್ರವಾಗಿಡಬೇಕು. ಹೊಸ ಕೀಲಿಕೈಗಳಿಗೆ ಅದರದೇ ಶಿಫಾರಸು. ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋದಂತೆ ಈ ಕೆಂಪು ತಲೆ ಎಲ್ಲೋ ಮಾಯವಾಗುತ್ತಿತ್ತು. ಆಮೇಲೆ ಬೇಕೆಂದರೆ ಎಂಜಿನ್ನಿನ ಕಂಪ್ಯೂಟರನ್ನೇ ಬದಲಿಸುವಷ್ಟು ಖರ್ಚು.

ಇಲ್ಲಿಂದಲೇ ಒಂದು ನ್ಯಾಯದ ಪ್ರಶ್ನೆ ಹುಟ್ಟಿತು. ಕಾರಿಗೆ ಹಣ ಕೊಟ್ಟವನು ಮಾಲೀಕ, ಅದರ ಗುಟ್ಟಿನ ಒಡೆಯ ಮಾತ್ರ ತಯಾರಕ. ಭಾನುವಾರ ರಾತ್ರಿ ಇದ್ದೊಂದು ಕೀಲಿಕೈ ಕಳೆದವನು ಡೀಲರನ ಅಂಗಡಿ ಬಾಗಿಲು ತೆರೆಯುವವರೆಗೆ ಕಾಯಬೇಕು, ಹೇಳಿದಷ್ಟು ಕೊಡಬೇಕು. ಬೀಗ ರಿಪೇರಿಯವರ ಕಸುಬಿಗೂ ಪೆಟ್ಟು. ಕ್ಯಾಲಿಫೋರ್ನಿಯ ರಾಜ್ಯ 2006ರಲ್ಲಿ ಕಾಯಿದೆ ಮಾಡಿ, ನೋಂದಾಯಿತ ಮಾಲೀಕ ಪರವಾನಗಿಯುಳ್ಳ ಬೀಗದವನ ಮೂಲಕ ಹಗಲಿರುಳೂ ಆ ಮಾಹಿತಿ ಪಡೆಯಬಹುದೆಂದು ವಿಧಿಸಿತು. ಎದುರು ವಾದವೂ ಪೊಳ್ಳಲ್ಲ: ಬೀಗದವನಿಗೆ ತೆರೆದ ಕಿಟಕಿಯಲ್ಲಿ ಕಳ್ಳನೂ ಇಣುಕುತ್ತಾನೆ.

ಆದರೆ ಗುಟ್ಟನ್ನು ಮುಚ್ಚಿಟ್ಟ ಮಾತ್ರಕ್ಕೆ ಅದು ಗಟ್ಟಿಯಾಗಲಿಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 40 ಬಿಟ್ ಚಿಪ್ಪಿನ ಗುಟ್ಟು ಬಿಡಿಸಿದರು. ಸಾಧ್ಯವಿರುವ ಸಂಖ್ಯೆಗಳು ಸುಮಾರು 1.1 ಲಕ್ಷ ಕೋಟಿ. ಹದಿನಾರು ಗಣಕ ಚಿಪ್‌ಗಳನ್ನು ಸಾಲಾಗಿ ಜೋಡಿಸಿ ಹುಡುಕಿದರೆ ಗಂಟೆಯೊಳಗೆ ಸರಿಯಾದದ್ದು ಸಿಗುತ್ತಿತ್ತು. 2012ರಲ್ಲಿ 'ಹಿಟ್ಯಾಗ್ 2' ಎಂಬ ಇನ್ನೊಂದು ಜನಪ್ರಿಯ ಚಿಪ್ಪಿನ ಸರದಿ. ಅದಕ್ಕೆ ಆರೇ ನಿಮಿಷ ಸಾಕಾಯಿತು. 'ಮೆಗಾಮೋಸ್' ಎಂಬ ಮೂರನೆಯದರ ದೋಷವನ್ನು ಪ್ರಕಟಿಸಹೊರಟಾಗ ಫೋಕ್ಸ್‌ವ್ಯಾಗನ್ 2013ರಲ್ಲಿ ಲಂಡನ್ನಿನ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಎರಡು ವರ್ಷಗಳ ನಂತರ ಪ್ರಬಂಧ ಹೊರಬಂತು, ಒಂದೇ ಒಂದು ವಾಕ್ಯ ಬಿಟ್ಟು.

ಇಷ್ಟೆಲ್ಲ ತೂತಿದ್ದರೂ ಚಿಪ್ಪಿನ ಬೆಲೆ ತಿಳಿಯುವುದು ಅದಿಲ್ಲದ ಕಡೆ. ಅಮೆರಿಕದಲ್ಲಿ 2015ರ ಮಾದರಿಗಳನ್ನು ತೆಗೆದುಕೊಂಡರೆ, ಬೇರೆ ಕಂಪೆನಿಗಳ ಶೇ. 96ರಷ್ಟು ವಾಹನಗಳಲ್ಲಿ ಇಮೊಬಿಲೈಸರ್ ಇತ್ತು. ಹ್ಯುಂಡೈ ಮತ್ತು ಕಿಯಾಗಳಲ್ಲಿ ಶೇ. 26ರಲ್ಲಿ ಮಾತ್ರ. ಇದೇ ಕಂಪೆನಿಗಳು ಕೆನಡದಲ್ಲೂ ಯುರೋಪಿನಲ್ಲೂ ಕಾನೂನಿಗೆ ತಲೆಬಾಗಿ ಅದನ್ನು ಕೂರಿಸುತ್ತಿದ್ದವು. 2021ರ ಸುಮಾರಿಗೆ ಮಿಲ್ವಾಕಿ ನಗರದ ಹುಡುಗರು ಸ್ಟೀರಿಂಗ್ ಕೆಳಗಿನ ಹೊದಿಕೆ ಕಿತ್ತು, ಯುಎಸ್‌ಬಿ ತಂತಿಯ ತುದಿಯಿಂದಲೇ ಇಂಥ ಕಾರುಗಳನ್ನು ಚಾಲೂ ಮಾಡತೊಡಗಿದರು. ಟಿಕ್‌ಟಾಕ್ ವಿಡಿಯೊಗಳಿಂದ ವಿದ್ಯೆ ದೇಶವಿಡೀ ಹಬ್ಬಿತು. ಅಪಘಾತಗಳಾದವು, ಸಾವುಗಳೂ ಸಂಭವಿಸಿದವು. 2023ರಲ್ಲಿ ಕಂಪೆನಿಗಳು ಸುಮಾರು 83 ಲಕ್ಷ ಕಾರುಗಳಿಗೆ ತಂತ್ರಾಂಶದ ತೇಪೆ ಹಚ್ಚಬೇಕಾಯಿತು.

ಭಾರತದಲ್ಲಿ ಮಾರುತಿ ಕಂಪೆನಿ 'ಐಕ್ಯಾಟ್ಸ್' ಎಂಬ ಹೆಸರಿನಲ್ಲಿ ತಂದ ವ್ಯವಸ್ಥೆಯಿಂದ ಚಿಪ್ಪಿನ ಕೀಲಿಕೈ ಮಧ್ಯಮ ವರ್ಗದ ಮನೆಯ ಮೊಳೆಗೂ ಬಂದು ತೂಗಿತು. ಕಾರು ಕಳುವಾಯಿತೆಂದು ಪರಿಹಾರ ಕೇಳಲು ಹೋದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ತಂದೊಪ್ಪಿಸಲು ಹೇಳುತ್ತಾರೆ. ಒಂದು ಕಾಣೆಯಾಗಿದ್ದರೆ ಮಾಲೀಕನೇ ವಿವರಣೆ ಕೊಡುತ್ತ ನಿಲ್ಲಬೇಕು.