ಅಂಚೆಯವನು ಕಟ್ಟಿದ ಅರಮನೆ

ಅರಮನೆಗಳನ್ನು ಅರಸರು ಕಟ್ಟಿಸಿದರೆಂದು ಚರಿತ್ರೆಯಲ್ಲಿ ಓದುತ್ತೇವೆ. ಹಳ್ಳಿಯ ಅಂಚೆಯವನೊಬ್ಬನು ಕೈಯಾರೆ ಕಟ್ಟಿದ ಅರಮನೆಯೂ ಒಂದುಂಟು.

ಫರ್ಡಿನಾಂಡ್ ಶೆವಾಲ್ 1836ರಲ್ಲಿ ಫ್ರಾನ್ಸಿನ ಬಡ ರೈತರ ಮನೆಯಲ್ಲಿ ಹುಟ್ಟಿದವನು. 1867ರಲ್ಲಿ ಅಂಚೆಯ ಚಾಕರಿಗೆ ಸೇರಿದನು. ಓತ್‌ರೀವ್ ಹಳ್ಳಿಯ ಸುತ್ತ ದಿನವೂ ಸುಮಾರು 30 ಕಿಲೋಮೀಟರ್ ನಡೆದು ಕಾಗದ ಹಂಚುವುದು ಅವನ ಕೆಲಸ. 1879ರಲ್ಲಿ ಒಂದು ದಿನ ದಾರಿಯಲ್ಲಿ ಕಲ್ಲೊಂದನ್ನು ಎಡವಿದನು. ಅದರ ವಿಚಿತ್ರ ಆಕಾರ ಅವನ ಮನಸ್ಸನ್ನು ಸೆಳೆಯಿತು. ಅಂದಿನಿಂದ ಅಂಥ ಕಲ್ಲುಗಳನ್ನು ದಾರಿಬದಿಯಲ್ಲಿ ಗುಡ್ಡೆ ಹಾಕಿಟ್ಟು, ಕೆಲಸ ಮುಗಿದ ಮೇಲೆ ಕೈಗಾಡಿಯಲ್ಲಿ ತರುವನು. ರಾತ್ರಿ ದೀಪದ ಬೆಳಕಿನಲ್ಲಿ ತನ್ನ ತರಕಾರಿ ಹಿತ್ತಲಿನಲ್ಲಿ ಸುಣ್ಣ, ಸಿಮೆಂಟು ಹಾಕಿ ಜೋಡಿಸುವನು. ತಾನು ಹಂಚುತ್ತಿದ್ದ ಚಿತ್ರಪತ್ರಿಕೆಗಳೇ ಅವನಿಗೆ ಗುರು. ಆದುದರಿಂದಲೇ ಆ ಅರಮನೆಯಲ್ಲಿ ಮಸೀದಿಯ ರೂಪವೂ ನಮ್ಮ ಹಿಂದೂ ದೇವಾಲಯದ ರೂಪವೂ ಕಾಣುತ್ತವೆ!

ಊರವರು ಹುಚ್ಚನೆಂದರು. ಅವನು ಬಿಡಲಿಲ್ಲ. 33 ವರ್ಷ ದುಡಿದು 1912ರಲ್ಲಿ 26 ಮೀಟರ್ ಉದ್ದದ ಕಟ್ಟಡವನ್ನು ಪೂರೈಸಿದನು, 1924ರಲ್ಲಿ ತೀರಿಕೊಂಡನು. 1969ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು.

ಹಗಲೆಲ್ಲ ಬ್ಯಾಂಕಿನಲ್ಲಿ ಪರರ ಹಣ ಎಣಿಸಿ, ಸಂಜೆ ಲೋಕಲ್ ಹಿಡಿದು ಸಂಘದ ನಾಟಕದ ತಾಲೀಮಿಗೆ ಓಡುವ ನನ್ನಂಥವರನ್ನೂ ಜನ ಹುಚ್ಚರೆನ್ನುವುದುಂಟು. ಆಗೆಲ್ಲ ಈ ಅಂಚೆಯವನ ನೆನಪು ಧೈರ್ಯ ಕೊಡುತ್ತದೆ. ಪರನಾಡಿನಲ್ಲಿ ಕನ್ನಡದ ಮನೆ ಏಳಬೇಕಾದುದೂ ಇಂಥ ಬಿಡುವಿನ ವೇಳೆಯಲ್ಲೇ, ಒಂದೊಂದು ಕಲ್ಲಾಗಿ.