ಅಕ್ಕಡಿ ಸಾಸಿವೆ ಮತ್ತು ರಾಗಿ: ಅತಿನೇರಳೆ ಕಿರಣದೆದುರು ಎರಡು ರಕ್ಷಣಾ ಕ್ರಮಗಳು

ಸಾರಾಂಶ

ಹಳೆ ಮೈಸೂರು ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯೂ ಅಕ್ಕಡಿ ಸಾಲಿನ ಸಾಸಿವೆಯೂ ಒಂದೇ ಬಿಸಿಲಿನಲ್ಲಿ ಬೆಳೆಯುತ್ತವೆ. ಅತಿನೇರಳೆ ಕಿರಣವನ್ನು ತಡೆಯಲು ಎರಡೂ ಸಿನ್ನಮಿಕ್ ಆಮ್ಲದ ವಂಶದ ಸಂಯುಕ್ತಗಳನ್ನು ಬಳಸುತ್ತವೆ. ಅವನ್ನು ಇರಿಸಿಕೊಳ್ಳುವ ನೆಲೆ ಮಾತ್ರ ಬೇರೆ. ಇಂಥ ಅಣುಗಳ ಪ್ರಮಾಣಕ್ಕಿಂತ ಅವು ಎಲೆಯಲ್ಲಿ ಎಲ್ಲಿವೆ, ಹೀರಿದ ಶಕ್ತಿಯನ್ನು ಎಷ್ಟು ಬೇಗ ಕಳೆದುಕೊಳ್ಳುತ್ತವೆ ಎಂಬುದೇ ರಕ್ಷಣೆಯ ತಿರುಳು ಎಂದು ಈ ಲೇಖನ ವಾದಿಸುತ್ತದೆ.

1. ನೆತ್ತಿಯ ಸೂರ್ಯ

ನಂಜನಗೂಡು, ತಿ.ನರಸೀಪುರ ಎರಡೂ 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ನಾಲ್ಕನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಗೆ ಬರುತ್ತಾನೆ. ನಡುವಿನ ಸುಮಾರು ನಾಲ್ಕು ತಿಂಗಳು ಅವನು ನೆತ್ತಿಯಿಂದ 12 ಡಿಗ್ರಿ ಮೀರಿ ಸರಿಯುವುದಿಲ್ಲ. ಮುಂಗಾರು ರಾಗಿಯ ಬಿತ್ತನೆಯೂ ಪೈರಿನ ಎಳೆತನವೂ ಈ ಅವಧಿಯಲ್ಲೇ ಬೀಳುತ್ತವೆ. ಆಗ ಕಿರಣ ವಾತಾವರಣವನ್ನು ಹಾದುಬರುವ ದಾರಿ ಕಿರಿದು. ಉಷ್ಣವಲಯದ ಮೇಲಿನ ಓಝೋನ್ ಪದರವೂ ತೆಳು. ಹೀಗಾಗಿ ಮೋಡ ಸರಿದ ಮಧ್ಯಾಹ್ನಗಳಲ್ಲಿ 280ರಿಂದ 315 ನ್ಯಾನೊಮೀಟರ್ ವ್ಯಾಪ್ತಿಯ ಯುವಿ-ಬಿ ಕಿರಣ ಗಣನೀಯವಾಗಿ ಎಲೆಯನ್ನು ಮುಟ್ಟುತ್ತದೆ.

ಈ ಕಿರಣ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳನ್ನು ಬೆಸೆದು ಪ್ರತಿಕೃತಿಯ ಕೆಲಸ ಕೆಡಿಸುತ್ತದೆ. ಬೇರೂರಿದ ಗಿಡ ನೆರಳಿಗೆ ಸರಿಯಲಾರದು. ದ್ಯುತಿಸಂಶ್ಲೇಷಣೆಗೆ ಬಿಸಿಲು ಬೇಕೇ ಬೇಕು. ಗೋಚರ ಬೆಳಕನ್ನು ಒಳಬಿಟ್ಟು ಯುವಿಯನ್ನು ಹಿಡಿದಿಡುವ ಜರಡಿಯೊಂದು ಎಲೆಯ ಹೊರತೊಗಲಿನಲ್ಲೇ ಇರಬೇಕಾಗುತ್ತದೆ.

2. ಸಾಸಿವೆಯ ಕ್ರಮ: ರಸದಾನಿಯಲ್ಲಿ ಕರಗಿದ ಅಣು

ಸಾಸಿವೆ ಕಾಳಿನಲ್ಲಿ ಸಿನಾಪಿನ್ ಶೇಖರವಾಗಿರುತ್ತದೆ. ಹಿಂಡಿಯ ಕಹಿಗೆ ಅದೂ ಒಂದು ಕಾರಣ. ಕಾಳು ಮೊಳೆತಾಗ ಸಿನಾಪಿನ್ ಒಡೆದು ಸಿನಾಪಿಕ್ ಆಮ್ಲ ಬಿಡುಗಡೆಯಾಗುತ್ತದೆ. ಇದೇ ಕುಟುಂಬದ ಮೂಲಂಗಿ ಮತ್ತು ಅರಾಬಿಡಾಪ್ಸಿಸ್ ಸಸಿಗಳಲ್ಲಿ ಈ ಆಮ್ಲ ಮೊದಲು ಗ್ಲೂಕೋಸಿನೊಡನೆ, ಬಳಿಕ ಮ್ಯಾಲಿಕ್ ಆಮ್ಲದೊಡನೆ ಕೂಡಿ ಸಿನಾಪಾಯ್ಲ್ ಮ್ಯಾಲೇಟ್ ಆಗುತ್ತದೆ; ಹೊರತೊಗಲಿನ ಕೋಶಗಳ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ, ಕರಗಿರುತ್ತದೆ. ತಾಯಿಗಿಡ ಕಟ್ಟಿಕೊಟ್ಟ ದಾಸ್ತಾನು ಹೀಗೆ ಎಳೆಯ ಸಸಿಯ ರಕ್ಷಣೆಗೆ ಒದಗುತ್ತದೆ.

ಯುವಿ ಹೀರಿದ ಅಣು ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಅಲ್ಲೇ ಹೆಚ್ಚು ಹೊತ್ತು ಉಳಿದರೆ ಆ ಶಕ್ತಿ ಆಮ್ಲಜನಕಕ್ಕೆ ದಾಟಿ, ಕಾಯಬೇಕಾದ ಅಣುವೇ ಕೋಶಕ್ಕೆ ಕೇಡಾಗಬಹುದು. ಅಮೆರಿಕದ ಪರ್ಡ್ಯೂ ಮತ್ತು ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯಗಳ ತಂಡಗಳು 2010ರ ದಶಕದಲ್ಲಿ ಸಿನಾಪಾಯ್ಲ್ ಮ್ಯಾಲೇಟನ್ನೂ ಅದರ ಬಂಧುಗಳನ್ನೂ ಲೇಸರ್ ಬೆಳಕಿನಲ್ಲಿ ಪರೀಕ್ಷಿಸಿದವು. ಅಣುವಿನ ನಡುವಣ ಇಂಗಾಲದ ದ್ವಿಬಂಧ ಟ್ರಾನ್ಸ್ ರೂಪದಿಂದ ಸಿಸ್ ರೂಪದತ್ತ ತಿರುಚಿಕೊಳ್ಳುತ್ತದೆ. ಹತ್ತಾರು ಪಿಕೋಸೆಕೆಂಡುಗಳಲ್ಲಿ ಶಕ್ತಿ ಶಾಖವಾಗಿ ಸುತ್ತಲಿನ ದ್ರವಕ್ಕೆ ಇಳಿಯುತ್ತದೆ. ಸಿಸ್ ರೂಪವೂ ಯುವಿ ಹೀರಬಲ್ಲದಾದ್ದರಿಂದ ತಿರುಚಿದ ಅಣುವೂ ಕೆಲಸಕ್ಕೆ ಬರುತ್ತದೆ.

ಗಿಡದ ಮಟ್ಟದಲ್ಲಿ ಇದಕ್ಕೆ ಪುರಾವೆ ಅರಾಬಿಡಾಪ್ಸಿಸ್‌ನ ಒಂದು ರೂಪಾಂತರಿ ತಳಿ. ಸಿನಾಪಾಯ್ಲ್ ಮ್ಯಾಲೇಟ್ ತಯಾರಿಸಲಾರದ ಈ ಗಿಡ ಯುವಿ ದೀಪದಡಿ ಕೆಂಪಾಗಿ ಹೊಳೆಯುತ್ತದೆ. ಸಹಜ ಗಿಡದ್ದು ನೀಲಿ-ಹಸಿರು ಹೊಳಪು. ತಡೆ ಇಲ್ಲದೆ ಕಿರಣ ಒಳಗಿನ ಪತ್ರಹರಿತ್ತನ್ನು ತಲುಪಿದ್ದರ ಗುರುತು ಆ ಕೆಂಪು. 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯುವಿ ಹೀರುವ ಇನ್ನೊಂದು ಬಗೆಯ ಸಂಯುಕ್ತವಾದ ಫ್ಲೇವನಾಯ್ಡ್‌ನ ಕೊರತೆಯ ತಳಿಗಿಂತಲೂ ಇದೇ ಯುವಿ-ಬಿಗೆ ಹೆಚ್ಚು ಬಾಡಿತು.

3. ರಾಗಿಯ ಕ್ರಮ: ಭಿತ್ತಿಗೆ ಕಟ್ಟಿದ ಅಣು

ರಾಗಿ, ಭತ್ತ, ಕಬ್ಬು ಮೊದಲಾದ ಹುಲ್ಲು ಕುಟುಂಬದ ಬೆಳೆಗಳಲ್ಲಿ ಫೆರುಲಿಕ್ ಆಮ್ಲ ಕೋಶಭಿತ್ತಿಯ ಅರಾಬಿನೊಕ್ಸೈಲಾನ್‌ಗೆ ಎಸ್ಟರ್ ಬಂಧದಿಂದ ಅಂಟಿರುತ್ತದೆ. ಸಿನಾಪಿಕ್ ಆಮ್ಲಕ್ಕೂ ಇದಕ್ಕೂ ಒಂದೇ ಒಂದು ಮೆಥಾಕ್ಸಿ ಗುಂಪಿನ ವ್ಯತ್ಯಾಸ. ಇಲ್ಲಿ ಒಂದೇ ಅಣು ಎರಡು ಕೆಲಸ ಮಾಡುತ್ತದೆ: ಯುವಿ ಹೀರುತ್ತದೆ, ಜೋಡಿಗೂಡಿ ಭಿತ್ತಿಯ ಎಳೆಗಳನ್ನು ಬಿಗಿಯುತ್ತದೆ. ಆದರೆ ಭಿತ್ತಿಗೆ ಕಟ್ಟಿದ ಅಣುವನ್ನು ರಸದಾನಿಯದರಂತೆ ಸುಲಭವಾಗಿ ಬೇರೆಡೆಗೆ ಸಾಗಿಸಲಾಗದು. ಅದು ಸ್ಥಿರವಾದ ತಡೆ. ದಿನದಿನದ ಏರಿಳಿತಕ್ಕೆ ಹೊಂದುವ ಕೆಲಸ ರಸದಾನಿಯ ಫ್ಲೇವನಾಯ್ಡ್‌ಗಳದು.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ರಾಗಿ ಕಾಳಿನ ಬಂಧಿತ ಫೀನಾಲಿಕ್ ಆಮ್ಲಗಳಲ್ಲಿ ಫೆರುಲಿಕ್ ಆಮ್ಲವೇ ಪ್ರಧಾನವೆಂದು ಕಂಡುಬಂದಿದೆ. ಅದು ಕಾಳಿನ ಮಾಪನ. ಅದನ್ನೇ ಎಲೆಯ ಯುವಿ ತಡೆಯ ಅಳತೆಯಾಗಿ ಓದಬಾರದು. ಒಂದೇ ಅಣು ಕಾಳಿನ ಸಿಪ್ಪೆಯಲ್ಲಿ ಒಂದು ಪಾತ್ರ, ಎಲೆಯಲ್ಲಿ ಮತ್ತೊಂದು ಪಾತ್ರ ವಹಿಸುತ್ತದೆ.

4. ಸೂಚನೆ ಮತ್ತು ದುರಸ್ತಿ

ಯುವಿ-ಬಿ ಬಂದಿದೆಯೆಂದು ಗಿಡಕ್ಕೆ ತಿಳಿಸುವುದು ಯುವಿಆರ್8 ಎಂಬ ಪ್ರೋಟೀನು. ಜೋಡಿಯಾಗಿರುವ ಈ ಪ್ರೋಟೀನು ತನ್ನ ಟ್ರಿಪ್ಟೊಫಾನ್‌ಗಳ ಮೂಲಕ ಕಿರಣವನ್ನು ಹೀರಿ ಬಿಡಿಯಾಗುತ್ತದೆ, ಫ್ಲೇವನಾಯ್ಡ್ ತಯಾರಿಕೆಯ ಜೀನ್‌ಗಳನ್ನು ಚುರುಕುಗೊಳಿಸುತ್ತದೆ ಎಂಬುದು 2011ರಲ್ಲಿ ಸ್ಪಷ್ಟವಾಯಿತು. ಕಿರಣ ಕಾಣದ ಗಿಡಕ್ಕೆ ಈ ಸೂಚನೆ ಸಿಗುವುದಿಲ್ಲ. ಅಂಗಾಂಶ ಕೃಷಿಯ ಬಾಳೆ ಸಸಿಯನ್ನು ಪ್ರಯೋಗಾಲಯದಿಂದ ನೇರ ತೋಟಕ್ಕೆ ಹಾಕದೆ ನೆರಳುಪರದೆಯಡಿ ಹದಗೊಳಿಸುವ ರೂಢಿಗೆ ಇದೂ ಒಂದು ಸಮರ್ಥನೆ.

ಯಾವ ತಡೆಯೂ ಪೂರ್ಣವಲ್ಲ. ನುಸುಳಿದ ಕಿರಣದ ಹಾನಿಯನ್ನು ಫೋಟೊಲೈಯೇಸ್ ಕಿಣ್ವ ನೀಲಿ ಬೆಳಕಿನ ಶಕ್ತಿಯಿಂದ ಸರಿಪಡಿಸುತ್ತದೆ. ಜಪಾನಿನ ಭತ್ತದ ತಳಿಗಳಾದ ಸಸಾನಿಶಿಕಿ ಯುವಿ ತಾಳುವುದು, ನೋರಿನ್ 1 ತಾಳದಿರುವುದು ಈ ಕಿಣ್ವದ 126ನೆಯ ಅಮೈನೊ ಆಮ್ಲದ ಬದಲಾವಣೆಯಿಂದ. ಕಬಿನಿ ಅಚ್ಚುಕಟ್ಟಿನ ಭತ್ತಕ್ಕೆ ತಳಿ ಆಯುವಾಗಲೂ ತಡೆ ಮತ್ತು ದುರಸ್ತಿಗಳನ್ನು ಬೇರೆಬೇರೆಯಾಗಿ ನೋಡಬೇಕು.

5. ಸಮಾರೋಪ

ತಳಿಗಳ ತಾಳಿಕೆಯನ್ನು ತೂಗಲು ಎಲೆಯನ್ನು ಅರೆದು ಒಟ್ಟು ಫೀನಾಲ್ ಅಳೆಯುವುದು ಸಾಮಾನ್ಯ ಪದ್ಧತಿ. ಅರೆದ ಕ್ಷಣವೇ ಅಣುವಿನ ನೆಲೆ ಅಳಿಸಿಹೋಗುತ್ತದೆ. ಭಿತ್ತಿಗೆ ಅಂಟಿದ ಪಾಲು ಮದ್ಯಸಾರದ ದ್ರಾವಣಕ್ಕೆ ಬರುವುದೇ ಇಲ್ಲ. ಈ ಅಳತೆಯಲ್ಲಿ ಸಾಸಿವೆಯ ರಕ್ಷಣೆ ದೊಡ್ಡದಾಗಿಯೂ ರಾಗಿಯದು ಚಿಕ್ಕದಾಗಿಯೂ ಕಾಣುವ ಅಪಾಯವಿದೆ. ಪತ್ರಹರಿತ್ತಿನ ಕೆಂಪು ಹೊಳಪಿನಿಂದ ಹೊರತೊಗಲು ಎಷ್ಟು ಯುವಿ ಒಳಬಿಡುತ್ತದೆಂದು ಅಳೆಯುವ ಉಪಕರಣಗಳು ಇಂದು ಹೊಲದಲ್ಲೇ ಬಳಕೆಗೆ ಸಿಗುತ್ತವೆ. ಅಕ್ಕಡಿ ಹೊಲದ ಎರಡು ಬೆಳೆಗಳನ್ನು ಹೋಲಿಸಲು ಎಲೆಯನ್ನು ಕೀಳದೆ ಮಾಡುವ ಆ ಮಾಪನವೇ ತಕ್ಕ ದಾರಿ. ಬಂಧಿತ ಫೆರುಲಿಕ್ ಆಮ್ಲವನ್ನು ಕ್ಷಾರದಿಂದ ಬಿಡಿಸಿ ಅಳೆದ ಲೆಕ್ಕವನ್ನೂ ಅದರ ಜೊತೆಗಿಡಬೇಕು.