ಮದನಿಕೆಯರು (ಬೇಲೂರು)

ಹಾಸನ ಜಿಲ್ಲೆಯ ಬೇಲೂರು ಚೆನ್ನಕೇಶವ ದೇವಾಲಯದ ಸೂರಿನಡಿ, ಕಂಬಗಳ ನೆತ್ತಿಯಿಂದ ಮುಂದಕ್ಕೆ ಬಾಗಿ ನಿಂತಿರುವ ಸ್ತ್ರೀಶಿಲ್ಪಗಳು. ಶಿಲಾಬಾಲಿಕೆಯರೆಂಬ ಹೆಸರೂ ಬಳಕೆಯಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಯಲ್ಲಿ ಹೊರಗೆ 38, ನವರಂಗದೊಳಗೆ 4, ಒಟ್ಟು 42 ಮದನಿಕೆಯರಿದ್ದಾರೆ.

ಮರದ ಕೊಂಬೆ ಹಿಡಿದು ನಿಂತ ಯಕ್ಷಿಯ ಕಲ್ಪನೆ ಸಾಂಚಿಯ ತೋರಣದಷ್ಟು ಹಳೆಯದು. ಬಾದಾಮಿಯ ಗುಹೆಗಳಲ್ಲೂ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲೂ ಆಕೆಯ ಬಳಗವಿದೆ. ಬೇಲೂರಿನ ಶಿಲ್ಪಿಗಳು ಈ ದೇವಲೋಕದ ಹೆಣ್ಣಿಗೆ ನೆಲದ ಬದುಕನ್ನೇ ಕೊಟ್ಟುಬಿಟ್ಟರು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಗಿಳಿಯೊಡನೆ ಮಾತಾಡುತ್ತಾಳೆ, ಇನ್ನೊಬ್ಬಳು ಬೇಟೆಗೆ ಹೊರಟಿದ್ದಾಳೆ. ಮತ್ತೊಬ್ಬಳ ಸೀರೆಯನ್ನು ಕೋತಿ ಜಗ್ಗುತ್ತಿದೆ. ಬಟ್ಟೆಯಲ್ಲಿ ಚೇಳು ಕಂಡು ಉಟ್ಟದ್ದನ್ನೇ ಕಳಚಿದವಳೂ ಇದ್ದಾಳೆ.

ಇವರ ತಲೆಯ ಮೇಲಿನ ಬಳ್ಳಿಚಪ್ಪರಗಳನ್ನು ಬಿಡುವಾಗಿ ನೋಡಬೇಕು. ಒಂದರಲ್ಲಿ ಹಣ್ಣಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ನೊಣದ ಮೇಲೆ ಹಲ್ಲಿಯೊಂದು ಹೊಂಚು ಹಾಕಿದೆ. ನೆಲದಲ್ಲಿ ನಿಂತವರ ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಆ ನೊಣವನ್ನೂ ಶಿಲ್ಪಿ ಬಿಟ್ಟಿಲ್ಲ. ಇಂಥ ಸೂಕ್ಷ್ಮಗಳಿಂದಲೇ ಮದನಿಕೆಯ ಲೋಕ ನಂಬುವಂತಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಕಿನ್ನರಿ ಚಿತ್ರಗಳೂ ಹಿಡಿದದ್ದು ಇದೇ ದಾರಿ. ರಿಚರ್ಡ್ ಡ್ಯಾಡ್ ಮಾನಸಿಕ ಆಸ್ಪತ್ರೆಯಲ್ಲಿದ್ದುಕೊಂಡು 1855ರಿಂದ 1864ರವರೆಗೆ ಬರೆದ ಒಂದೇ ಒಂದು ಪುಟ್ಟ ಚಿತ್ರದಲ್ಲಿ ಹುಲ್ಲುಗರಿಗಳ ಸಂದಿಯಲ್ಲೆಲ್ಲ ಕಿನ್ನರರು ತುಂಬಿದ್ದಾರೆ. ಅಲ್ಲಿನ ಕಿನ್ನರಿ ಹೂವಿನಷ್ಟೇ ಕಿರಿದಾಗಿ, ಮನುಷ್ಯರಿಂದ ಮರೆಯಾಗಿ ಬದುಕುತ್ತಾಳೆ. ಬೇಲೂರಿನವಳು ಗುಡಿಗೆ ಬಂದವರೆಲ್ಲರ ಕಣ್ಣೆದುರೇ ನಿಲ್ಲುತ್ತಾಳೆ.

ಕೆತ್ತನೆಗೆ ಒದಗಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲಿದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸದಡಿ ಹೆಸರು ಕೊರೆದಿದ್ದಾರೆ. ದೇಶದ ಅಸಂಖ್ಯ ಶಿಲ್ಪಿಗಳು ಹೆಸರಿಲ್ಲದೆ ಹೋದದ್ದನ್ನು ನೆನೆದರೆ ಈ ಸಹಿಗಳ ಬೆಲೆ ತಿಳಿದೀತು. ಕನ್ನಡಿ ನೋಡಿಕೊಳ್ಳುವ ದರ್ಪಣಸುಂದರಿಗೆ ವಿಷ್ಣುವರ್ಧನನ ರಾಣಿ ಶಾಂತಲೆಯೇ ಮಾದರಿ ಎಂಬ ಮಾತು ಜನಪ್ರಿಯವಾದರೂ ಅದಕ್ಕೆ ಶಾಸನದ ಆಧಾರವಿಲ್ಲ.

ಡಿ.ವಿ.ಗುಂಡಪ್ಪನವರು ‘ಅಂತಃಪುರ ಗೀತೆ’ಯಲ್ಲಿ ಈ ಮದನಿಕೆಯರನ್ನು ಚೆನ್ನಕೇಶವನ ಅಂತಃಪುರದವರೆಂದು ಭಾವಿಸಿ ಒಬ್ಬೊಬ್ಬರ ಮೇಲೂ ಹಾಡು ಕಟ್ಟಿದರು. ಸಂಗೀತ ಕಛೇರಿಗಳಲ್ಲೂ ಭರತನಾಟ್ಯದ ವೇದಿಕೆಯಲ್ಲೂ ಅವು ಇಂದಿಗೂ ಬಳಕೆಯಲ್ಲಿವೆ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.